ಸದ್ದು ಮಾಡದ ಹಸ್ಕಿ ಮರಿ

ಮಾರ್ಚ್ ೩

ಅಕ್ಕಾ,

ನೀನು ಕಳಿಸಿದ ಮರಿ ಬಂದು ಮುಟ್ಟಿತು. ರೈಲಿನ ಸಾಮಾನು ಡಬ್ಬಿಯಿಂದ ಬುಟ್ಟಿ ಇಳಿಸಿದ ಆಳು ಮಾರು ದೂರ ನಿಂತು ಸಹಿ ಪುಸ್ತಕ ಚಾಚಿದ. ತೋಳದ ಮರಿ ಅಂದುಕೊಂಡಿರಬೇಕು. ನಾನು ಅಲ್ಲೇ ಪ್ಲಾಟ್‌ಫಾರಂ ಮೇಲೆ ಮಂಡಿಯೂರಿ ಬುಟ್ಟಿಯ ಬಾಗಿಲು ತೆರೆದೆ. ಎರಡು ಕಣ್ಣು ನನ್ನನ್ನು ನೋಡಿದವು, ಒಂದು ಕಂದು, ಇನ್ನೊಂದು ನೀಲಿ. ಮೊದಲೇ ಒಂದು ಮಾತು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಆ ನೀಲಿ ಕಣ್ಣು ನೋಡುತ್ತಾ ಏಳುವುದನ್ನೇ ಮರೆತು ಕೂತುಬಿಟ್ಟೆ. ಜನ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು.

ಗ್ರೀಸು ಅಂತ ಹೆಸರಿಟ್ಟಿದ್ದೇನೆ. ಹೊಟ್ಟೆ ಹಾಲಿನಷ್ಟು ಬಿಳಿ, ಬೆನ್ನು ಮಾತ್ರ ಗ್ರೀಸ್ ಡಬ್ಬಿಯಲ್ಲಿ ಬಿದ್ದೆದ್ದ ಹಾಗಿದೆ. ಬಂದ ದಿನವೇ ಅಡುಗೆಮನೆಯಲ್ಲಿ ಮೂರು ಕಡೆ ಉಚ್ಚೆ ಹೊಯ್ದು, ನನ್ನ ಒಂದು ಚಪ್ಪಲಿಯನ್ನು ಚಿಂದಿ ಮಾಡಿ, ನೀರಿನ ಬಟ್ಟಲಿಗೆ ಎರಡೂ ಮುಂಗಾಲು ಹಾಕಿ ಬಾವಿ ತೋಡುವವರ ಹಾಗೆ ತೋಡಿತು. ಆಮೇಲೆ ಬಚ್ಚಲಿನ ತಣ್ಣನೆ ನೆಲ ಹುಡುಕಿಕೊಂಡು ಹೋಗಿ, ಬಾಲವನ್ನು ಮೂಗಿನ ಮೇಲೆ ಹೊದ್ದು ಮಲಗಿತು. ಹಿಮದಲ್ಲಿ ಹೇಗೆ ಮಲಗಬೇಕು ಅಂತ ಎರಡೂವರೆ ತಿಂಗಳ ಕೂಸಿಗೆ ಯಾರು ಕಲಿಸಿದರು? ಇಲ್ಲಿ ಫ್ಯಾನಿನ ಕೆಳಗೆ ನಾನು ಬೆವರುತ್ತಿದ್ದೇನೆ, ಇದು ಕಾಣದ ಹಿಮದಿಂದ ಮೂಗು ಮುಚ್ಚಿಕೊಳ್ಳುತ್ತಿದೆ. ಬಚ್ಚಲಿನ ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದೆ.

ಡಿಪೋಗೆ ಹದಿನೈದು ದಿನ ರಜೆ ಹಾಕಿದ್ದೇನೆ. ಮೂವತ್ತೊಂದು ವರ್ಷದಲ್ಲಿ ಇಷ್ಟು ಉದ್ದದ ರಜೆ ಇದೇ ಮೊದಲು. ಬಸ್ಸಿನ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಡಾಕ್ಟ್ರು ಅಂತ ನನಗೆ ಅಲ್ಲಿ ಹೆಸರಿದೆಯಲ್ಲ, ಆ ಡಾಕ್ಟ್ರು ಈಗ ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದಾನೆ. ನನ್ನವಳು ತೀರಿಹೋದ ಮೇಲೆ ನಾಲ್ಕು ವರ್ಷ ಈ ಮನೆಯಲ್ಲಿ ನನ್ನ ಹಿಂದೆ ಯಾರೂ ಓಡಾಡಿರಲಿಲ್ಲ.

ಹೇಗೆ ಸಾಕಬೇಕು, ಹೇಗೆ ಕಲಿಸಬೇಕು, ವಿವರವಾಗಿ ಬರೆ. ಫೋನ್ ಮಾಡಬೇಡ. ಆ ಹಳೇ ಡಬ್ಬಾ ಕೆಟ್ಟಿದೆ, ಅದರ ಗುಂಡಿ ಒತ್ತಿ ಬರೆಯುವುದಂತೂ ನನ್ನ ಎಣ್ಣೆ ಬೆರಳಿಗೆ ಆಗದ ಕೆಲಸ. ಕಾಗದವೇ ಸರಿ.

ನಿನ್ನ ತಮ್ಮ


ಮಾರ್ಚ್ ೧೦

ತಮ್ಮಾ,

ಚಪ್ಪಲಿ ಹೋಯಿತೇ? ಒಂದಕ್ಕೇ ಬಿಟ್ಟಿದ್ದರೆ ನಿನ್ನ ಪುಣ್ಯ. ಇಲ್ಲಿ ಯಜಮಾನಿಯ ಕೊಟ್ಟಿಗೆಯ ನಲವತ್ತು ಹಸ್ಕಿ ನಾಯಿಗೆ ದಿನಾ ಎರಡು ಹೊತ್ತು ಬೇಯಿಸಿ ಹಾಕುವವಳು ನಾನು, ಇವುಗಳ ಹಲ್ಲಿನ ರುಚಿ ನನ್ನ ಎಲ್ಲ ಸೀರೆಗೂ ಗೊತ್ತು.

ಗಮನವಿಟ್ಟು ಓದು. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ ಹಾಕು, ಅಂಗಡಿಯಲ್ಲಿ ಸಿಗುವ ನಾಯಿಮರಿಗಳ ಕಾಳನ್ನು ಬಿಸಿನೀರಲ್ಲಿ ನೆನೆಸಿ. ಎದ್ದ ತಕ್ಷಣ, ಉಂಡ ತಕ್ಷಣ, ಆಡಿ ಮುಗಿದ ತಕ್ಷಣ ಎತ್ತಿಕೊಂಡು ಹೊರಗೆ ಓಡು. ಒಂದೇ ಜಾಗಕ್ಕೆ ಹೋಗು. ಅಲ್ಲಿ ಹೊಯ್ದರೆ ರಾಜ್ಯ ಗೆದ್ದವರ ಹಾಗೆ ಹೊಗಳಿ ಒಂದು ಚೂರು ತಿಂಡಿ ಕೊಡು. ಒಳಗೆ ಹೊಯ್ದರೆ ಬಾಯಿ ಮುಚ್ಚಿಕೊಂಡು ಒರೆಸು. ನಿನ್ನ ಗದರಿಕೆಗೆ ಇದು ಸೊಪ್ಪು ಹಾಕುವ ಜಾತಿ ಅಲ್ಲ. ಹಲ್ಲು ಬರುವ ಕಾಲ, ಕಚ್ಚಲು ಐಸ್ ತುಂಡು ಕೊಡು. ಸೆಕೆ ಅಂತ ಕರುಣೆ ಬಂದು ಕೂದಲು ಕತ್ತರಿಸಿದೆಯೋ, ನಾನು ಅಲ್ಲಿಗೇ ಬಂದು ನಿನ್ನ ತಲೆ ಬೋಳಿಸುತ್ತೇನೆ. ಆ ಕೂದಲೇ ಅದಕ್ಕೆ ಬಿಸಿಲಿಗೂ ಕೊಡೆ. ವಾರಕ್ಕೆ ಮೂರು ದಿನ ಬಾಚು. ಓಡಾಟ ಎಲ್ಲ ಬೆಳಗಿನ ತಂಪಿನಲ್ಲಿ.

ಕೂರುವುದು, ನಿಲ್ಲುವುದು ಕಲಿಸುವಾಗ ಕೈಸನ್ನೆಯನ್ನೂ ಸೇರಿಸು. ತಿಂಡಿ ಹಿಡಿದ ಕೈಯನ್ನು ಮೂಗಿನಿಂದ ತಲೆಯ ಮೇಲಕ್ಕೆ ಒಯ್ದರೆ ತಾನೇ ಕುಕ್ಕರಿಸುತ್ತೆ.

ಇನ್ನು ಕಿರುಚಾಟ. ನಿದ್ದೆ ಕೆಟ್ಟು ನನ್ನನ್ನು ಬೈದುಕೊಳ್ಳುತ್ತಿದ್ದೀಯ ಅಂತ ಗೊತ್ತು. ಇವು ಬೊಗಳುವುದು ಅಪರೂಪ, ಆದರೆ ಊಳಿಡಲು ನಿಂತರೆ ಬೀದಿಗೆ ಬೀದಿಯೇ ಎದ್ದು ಕೂರಬೇಕು. ಅದರ ತಾಯಿ ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವಳು. ಒಂಟಿ ಬಿಟ್ಟಾಗ ಜಾಸ್ತಿ. ಎದೆ ಗಟ್ಟಿ ಮಾಡಿಕೊ, ಊಳಿಟ್ಟಾಗೆಲ್ಲ ಎತ್ತಿಕೊಳ್ಳಬೇಡ.

ಮನೆಯಲ್ಲಿ ಒಬ್ಬನೇ ಇದ್ದೀಯ ಅಂತ ಕಳಿಸಿದೆ. ಬೇರೆ ಏನು ಕಳಿಸಬೇಕೋ ನನಗೆ ತೋಚಲಿಲ್ಲ.

ಅಕ್ಕ


ಮಾರ್ಚ್ ೨೧

ಅಕ್ಕಾ,

ಊಳಿಡುವುದೇ? ನಿನ್ನ ಆ ದೊಡ್ಡ ಗಂಟಲಿನವಳ ಮಗಳು ಹದಿನೆಂಟು ದಿನದಲ್ಲಿ ಕುಂಯ್ ಅಂದಿಲ್ಲ. ನನ್ನ ತರಬೇತಿ ಅಷ್ಟು ಚೆನ್ನಾಗಿದೆ ಅಂತ ಮೊದಲು ಬೀಗಿದೆ. ಈಗ ಅನುಮಾನ ಬಂದಿದೆ. ಒಂದೊಂದು ಸಲ ಕಿಟಕಿಯ ಹತ್ತಿರ ಕೂತು ಮೂತಿಯನ್ನು ಮೇಲಕ್ಕೆತ್ತಿ, ತುಟಿ ಗುಂಡಗೆ ಮಾಡಿ, ಕಣ್ಣು ಅರೆ ಮುಚ್ಚುತ್ತದೆ. ಏನೋ ಬರುತ್ತದೆ ಅಂತ ಕಾದರೆ ಏನೂ ಬರುವುದಿಲ್ಲ. ಮೂಗಿ ಮರಿಯನ್ನು ನನ್ನ ತಲೆಗೆ ಕಟ್ಟಿದೆಯಾ ಹೇಗೆ?

ಮೂಗಿಯಾದರೇನು, ಬುದ್ಧಿ ನೋಡು! ಕೈಸನ್ನೆ ನಾಲ್ಕು ದಿನಕ್ಕೆ ಬಂತು. ಅಂಗೈ ಮೇಲೆತ್ತಿದರೆ ಕೂರುತ್ತದೆ, ಕೆಳಗೆ ಮಾಡಿದರೆ ಮಲಗುತ್ತದೆ, ಎದೆ ಮುಟ್ಟಿಕೊಂಡರೆ ಎಲ್ಲಿದ್ದರೂ ಬಾಣದಂತೆ ಬರುತ್ತದೆ. ಬರುವುದು ತನಗೆ ಮನಸ್ಸಿದ್ದಾಗ ಮಾತ್ರ, ಅದು ಬೇರೆ. ನಿನ್ನೆ ಬಾಚುವಾಗ ಒಳಗಿನ ಕೂದಲು ಹತ್ತಿಯ ಹಾಗೆ ಕಿತ್ತು ಬಂತು, ಮಡಿಲು ತುಂಬಿತು, ಇನ್ನೊಂದು ನಾಯಿ ಮಾಡಬಹುದಿತ್ತು. ಆ ರಾಶಿಗೆ ಮೂಗಿಟ್ಟು ಸೀನಿ, ಗಾಬರಿಯಾಗಿ, ತನ್ನದೇ ಕೂದಲಿನ ಮೇಲೆ ಹಾರಿ ಬಿತ್ತು. ಅವಳು ಹೋದ ಮೇಲೆ ನಾನು ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕಿರಲಿಲ್ಲ.

ಮೂರು ದಿನದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೋದರೆ ಮಧ್ಯಾಹ್ನ ಊಟಕ್ಕೆ ಓಡಿ ಬಂದು, ಹೊರಗೆ ಕರೆದೊಯ್ದು, ಮತ್ತೆ ಹೋಗಿ ಮೂರಕ್ಕೆ ವಾಪಸ್. ಮೇಲಿನ ಮನೆಯ ನರ್ಸಮ್ಮ ರಾತ್ರಿ ಪಾಳಿಯವಳು, ಹಗಲು ಮಲಗುತ್ತಾಳೆ. ಮೊದಲೆಲ್ಲ ಮೆಟ್ಟಿಲ ಮೇಲೆ ಸಿಕ್ಕರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಈಗ ದಿನಾ ನಿಲ್ಲಿಸಿ ನನ್ನ ಬಾಗಿಲ ಕಡೆ ಕೈ ತೋರಿಸಿ ಎಷ್ಟೊಂದು ಮಾತಾಡುತ್ತಾಳೆ. ಮರಿಯ ಮೇಲೆ ಬಹಳ ಅಕ್ಕರೆ ಇದ್ದ ಹಾಗಿದೆ. ನಾನೂ ನಕ್ಕು ತಲೆಯಾಡಿಸಿ ಥ್ಯಾಂಕ್ಸ್ ಅನ್ನುತ್ತೇನೆ.

ನಿನ್ನ ತಮ್ಮ


ಮಾರ್ಚ್ ೩೦

ತಮ್ಮಾ,

ನಿನ್ನ ಕಾಗದವನ್ನು ನಮ್ಮ ಯಜಮಾನಿಗೆ ಓದಿ ಹೇಳಿದೆ. ಇಪ್ಪತ್ತು ವರ್ಷದಿಂದ ಹಸ್ಕಿ ಸಾಕುತ್ತಿರುವ ಹೆಂಗಸು ಕುರ್ಚಿಯಿಂದ ಬೀಳುವ ಹಾಗೆ ನಕ್ಕಳು. ಮೂಗ ಹಸ್ಕಿಯನ್ನು ಅವಳು ಕಂಡಿಲ್ಲವಂತೆ. ನಾನೇ ಬುಟ್ಟಿಗೆ ಹಾಕಿದವಳು, ಬಾಗಿಲು ಹಾಕುವಾಗ ನನ್ನ ಕಿವಿ ಹರಿದುಹೋಗುವ ಹಾಗೆ ಅರಚಿತ್ತು. ದಾರಿಯಲ್ಲಿ ಗಂಟಲಿಗೆ ಏನಾದರೂ ಆಯಿತೋ ಏನೋ. ಪಶುವೈದ್ಯರಿಗೆ ತೋರಿಸು. ನಾಳೆ ನಾಡಿದ್ದು ಅನ್ನಬೇಡ.

ನಾನು ನಿನಗೆ ಫೋನ್ ಮಾಡಿದ್ದೆ. ನಾಲ್ಕು ಸಲ. ಕೆಟ್ಟ ಫೋನು ರಿಂಗ್ ಆಗುವುದಿಲ್ಲ, ನಿನ್ನದು ಆಗುತ್ತಿತ್ತು.

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ನಿನ್ನ ಹೆಂಡತಿ ತೀರಿಕೊಂಡಾಗ ನಾನು ಬರಲಿಲ್ಲ. ನಾಯಿಗಳಿಗೆ ಅಡುಗೆ ಮಾಡುವವರು ಬೇರೆ ಇಲ್ಲ ಅಂತ ಆಗ ನೆಪ ಹೇಳಿದೆ. ನಿಜವಾಗಿ ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ನನ್ನ ದನಿಯೇ ಬೇಡ ಅನ್ನಿಸಿ ನೀನು ಫೋನ್ ಎತ್ತದಿದ್ದರೆ ಹಾಗೆಂದೇ ಬರೆ. ತಪ್ಪು ನನ್ನದು, ಬೈಸಿಕೊಳ್ಳುತ್ತೇನೆ.

ಅಕ್ಕ


ಏಪ್ರಿಲ್ ೮

ಅಕ್ಕಾ,

ಪಶುವೈದ್ಯೆಗೆ ತೋರಿಸಿದೆ. ಗಂಟಲು ಸರಿಯಾಗಿದೆ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ತೂಕ ಏಳು ಕಿಲೋ.

ಮನೆಗೆ ಬಂದಾಗ ಬಾಗಿಲ ಸಂದಿಯಲ್ಲಿ ಕಟ್ಟಡದ ನಿವಾಸಿಗಳ ಸಂಘದ ನೋಟಿಸು ಇತ್ತು. ನಾಯಿಯ ಗಲಾಟೆಯ ಬಗ್ಗೆ ಆರು ಸಲ ಬಾಯಿಮಾತಿನಲ್ಲಿ ತಿಳಿಸಿದರೂ ನಾನು ನಗುತ್ತಾ ಹೋದೆನಂತೆ. ಮೇ ಹತ್ತರ ಸಭೆಯೊಳಗೆ ನಾಯಿಯ ಬಾಯಿ ನಿಲ್ಲಬೇಕು, ಇಲ್ಲವೇ ನಾಯಿ ಹೋಗಬೇಕು.

ಇದನ್ನು ವಾಪಸ್ ಕರೆಸಿಕೊ. ನನ್ನದು ಎರಡು ಕೋಣೆಯ ಮನೆ, ವಯಸ್ಸೂ ಆಯಿತು. ಅದೇ ಬುಟ್ಟಿ ಇದೆ, ಅದೇ ರೈಲಿಗೆ ಹಾಕುತ್ತೇನೆ. ನೀನು ಬರೆದ ಇನ್ನೊಂದು ವಿಷಯ ಈಗ ಬೇಡ.

ತಮ್ಮ


ಏಪ್ರಿಲ್ ೧೩

ತಮ್ಮಾ,

ಮರಿಯನ್ನು ರೈಲಿಗೆ ಹಾಕಬೇಡ. ಮೊದಲು ಇದನ್ನು ಓದು, ಕೂತು ಓದು.

ನಿನ್ನ ಮೂರೂ ಕಾಗದ ಮುಂದಿಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಒಂದರಲ್ಲೂ ಯಾರ ಬಾಯಿಂದ ಬಂದ ಒಂದು ಮಾತೂ ಇಲ್ಲ ಕಣೋ. ಸಾಮಾನಿನ ಆಳು ಪುಸ್ತಕ ಚಾಚುತ್ತಾನೆ, ನರ್ಸಮ್ಮ ಕೈ ತೋರಿಸುತ್ತಾಳೆ, ಪಶುವೈದ್ಯೆ ಚೀಟಿ ಬರೆಯುತ್ತಾಳೆ. ಮೊದಲು ನೀನು ಬರೆದರೆ ಇಡೀ ಡಿಪೋ ಕಾಗದದಲ್ಲಿ ಕೂತು ಹರಟುತ್ತಿತ್ತು. ಯಾರು ಏನಂದರು, ಹೇಗೆ ರಾಗ ಎಳೆದರು, ಎಲ್ಲ ಅನುಕರಣೆ ಮಾಡಿ ಬರೆಯುತ್ತಿದ್ದೆ. ನಿನ್ನ ಮಾತಿನವರು ಎಲ್ಲಿ ಹೋದರು?

ನಿನಗೆ ಕಿವಿ ಕೇಳಿಸುತ್ತಿಲ್ಲ ಅಲ್ಲವೇನೋ?

ನಾನು ಎಂಥ ದಡ್ಡಿ. ನಾಲ್ಕು ವರ್ಷದ ಹಳೇ ತಪ್ಪನ್ನು ಮಡಿಲಲ್ಲಿಟ್ಟುಕೊಂಡು, ನೀನು ಅದಕ್ಕೇ ಮುನಿಸಿಕೊಂಡಿದ್ದೀಯ ಅಂತ ಅಳುತ್ತಾ ಕೂತಿದ್ದೆ.

ನಿನ್ನ ಮರಿ ಮಾಡುವುದು ನಿನಗೆ ಗೊತ್ತಾಗಲಿ ಅಂತ ಹೇಳುತ್ತೇನೆ. ಇಲ್ಲಿ ಸಂಜೆ ನಾನು ಪಾತ್ರೆ ಇಳಿಸುವ ಹೊತ್ತಿಗೆ ಯಾವುದೋ ಒಂದು ನಾಯಿ ಸಣ್ಣಗೆ ಶುರು ಮಾಡುತ್ತದೆ. ಇನ್ನೊಂದು ಅದಕ್ಕಿಂತ ಒಂದು ಚೂರು ಮೇಲೆ ಹಿಡಿಯುತ್ತದೆ. ಒಂದರ ದನಿಯ ಮೇಲೆ ಇನ್ನೊಂದು ಕೂರುವುದಿಲ್ಲ, ಪಕ್ಕದಲ್ಲಿ ಜಾಗ ಹುಡುಕಿಕೊಳ್ಳುತ್ತದೆ. ಹಾಗೆ ನಲವತ್ತೂ ಸೇರಿದಾಗ ಸೌಟು ಹಿಡಿದ ನನ್ನ ಕೈಯಲ್ಲಿ ಕೂದಲು ನೆಟ್ಟಗಾಗುತ್ತದೆ. ಹನ್ನೊಂದು ವರ್ಷ ಆಯಿತು, ಒಂದು ದಿನವೂ ಅಭ್ಯಾಸ ಆಗಿಲ್ಲ. ಆಮೇಲೆ ನಲವತ್ತೂ ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಯಾರು ಸನ್ನೆ ಕೊಡುತ್ತಾರೆ ಅಂತ ಯಜಮಾನಿಗೂ ಗೊತ್ತಿಲ್ಲ. ಆ ನಿಶ್ಶಬ್ದದಲ್ಲಿ ನಾನು ಕೈ ಮುಗಿಯುತ್ತೇನೆ, ಯಾರಿಗೆ ಅಂತ ಕೇಳಬೇಡ.

ಒಂಟಿಯಾಗಿದ್ದಾಗ ಊಳಿಡದ ಹಾಗೆ ಕಲಿಸಬಹುದು. ಬಾಗಿಲು ಹಾಕಿಕೊಂಡು ಹೊರಗೆ ಒಂದು ನಿಮಿಷ ನಿಲ್ಲು. ಸುಮ್ಮನಿದ್ದರೆ ಒಳಗೆ ಹೋಗಿ ತಿಂಡಿ ಕೊಡು. ಆಮೇಲೆ ಎರಡು ನಿಮಿಷ, ಐದು, ಹತ್ತು. ಊಳಿಡುವಾಗ ಮಾತ್ರ ಒಳಗೆ ಹೋಗಬೇಡ, ಊಳಿಟ್ಟರೆ ನೀನು ಬರುತ್ತೀಯ ಅಂತ ಕಲಿತುಬಿಡುತ್ತೆ. ಅದು ಸುಮ್ಮನಿದೆಯೋ ಇಲ್ಲವೋ ನಿನಗೆ ಹೇಗೆ ತಿಳಿಯಬೇಕು ಅಂತ ನನಗೂ ಗೊತ್ತಿಲ್ಲ. ಯಾರಿಗಾದರೂ ಹೇಳು. ಹೇಳದೆ ಆಗುವುದಿಲ್ಲ ತಮ್ಮಾ.

ಅಕ್ಕ


ಏಪ್ರಿಲ್ ೨೨

ಅಕ್ಕಾ,

ಹೌದು. ಎರಡು ವರ್ಷ ಆಯಿತು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ದೊಡ್ಡ ಇಂಜಿನ್ ಮಾತ್ರ, ಅದೂ ಗೋಡೆಯ ಆಚೆಯಿಂದ ಬಂದ ಹಾಗೆ. ಜನರ ತುಟಿ ನೋಡಿ ಅರ್ಧ ಊಹಿಸುತ್ತೇನೆ, ಉಳಿದ ಅರ್ಧಕ್ಕೆ ನಗುತ್ತೇನೆ. ನಗುವವನನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

ಪಶುವೈದ್ಯೆಯ ಹತ್ತಿರ ಏನಾಯಿತು ಅಂತ ನಾನು ಬರೆಯಲಿಲ್ಲ. ಮೇಜಿನ ಮೇಲೆ ನಿಲ್ಲಿಸಿ, ಮರಿ ಮೂಗಿ, ಗಂಟಲು ನೋಡಿ ಅಂದೆ. ಅಷ್ಟರಲ್ಲಿ ಗ್ರೀಸು ಮೂತಿ ಮೇಲೆತ್ತಿ ತುಟಿ ಗುಂಡಗೆ ಮಾಡಿತು. ಪಶುವೈದ್ಯೆ ಎರಡೂ ಕಿವಿ ಮುಚ್ಚಿಕೊಂಡರು. ಬಾಗಿಲಾಚೆ ಕೂತಿದ್ದ ಒಬ್ಬಳ ಮಡಿಲಿಂದ ಬೆಕ್ಕು ಹಾರಿ ಕಪಾಟಿನ ಮೇಲೇರಿತು. ಎಲ್ಲರೂ ನಗುತ್ತಿದ್ದರು, ಎಲ್ಲರ ಕೈಯೂ ಕಿವಿಯ ಮೇಲೆ. ಮಧ್ಯದಲ್ಲಿ ಕೈ ಕೆಳಗೆ ಬಿಟ್ಟುಕೊಂಡು ನಿಂತವನು ನಾನೊಬ್ಬನೇ. ಪಶುವೈದ್ಯೆ ನಗು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಬಾಯಲ್ಲಿ ಹೇಳದೆ ಚೀಟಿ ತೆಗೆದು ಬರೆದರು. ಇಂಜಿನ್ ಸದ್ದು ಕೇಳಿ ರೋಗ ಹೇಳುವ ಡಾಕ್ಟ್ರು ತನ್ನ ರೋಗವನ್ನು ನಾಯಿಯ ಗಂಟಲಲ್ಲಿ ಹುಡುಕಿದ್ದ. ಆ ನಾಚಿಕೆಗೇ ವಾಪಸ್ ಕರೆಸಿಕೊ ಅಂತ ಬರೆದೆ. ಎರಡು ಕೋಣೆಯ ಮನೆ ಅಂದದ್ದು ಸುಳ್ಳು ನೆಪ. ಗ್ರೀಸು ಇಲ್ಲದ ಈ ಮನೆಗೆ ನಾನು ಹೇಗೆ ಬೀಗ ತೆಗೆದು ಒಳಗೆ ಬರಲಿ?

ನಿನ್ನ ಮಾತಿನಂತೆ ಬಾಗಿಲು ಹಾಕಿ ಹೊರಗೆ ನಿಂತೆ. ಒಳಗೆ ಊಳಿಡುತ್ತಿದೆಯೋ ಮಲಗಿದೆಯೋ ತಿಳಿಯದು. ಡಿಪೋದಲ್ಲಿ ಈಗ ನಾನು ಇಂಜಿನ್ನಿನ ಮೇಲೆ ಅಂಗೈಯಿಟ್ಟು ರೋಗ ಹೇಳುತ್ತೇನೆ, ಯಾರಿಗೂ ಗೊತ್ತಿಲ್ಲ. ಅದೇ ಚಾಳಿಯಲ್ಲಿ ಬಾಗಿಲ ಹಲಗೆಗೆ ಅಂಗೈ ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ಮರ ನಡುಗಿತು ಅಕ್ಕಾ. ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ಏರಿ, ಮೇಲೆ ನಿಂತು ತೂಗಿ, ಮೆಲ್ಲಗೆ ಇಳಿಯಿತು. ಬೆರಳ ತುದಿಯಿಂದ ಮೊಣಕೈವರೆಗೆ ಬಂತು. ನನ್ನ ಜೀವಮಾನದಲ್ಲಿ ಎಷ್ಟು ಸಾವಿರ ಇಂಜಿನ್ ಮುಟ್ಟಿದ್ದೇನೆ, ಯಾವುದೂ ನನ್ನನ್ನು ಕರೆಯುತ್ತಿರಲಿಲ್ಲ. ಇದು ಕರೆಯುತ್ತಿತ್ತು. ಇಷ್ಟು ದಿನ ಕರೆದಿದ್ದೆಲ್ಲ ಹೀಗೇ ಇತ್ತೇ ಅಂತ ಕೆನ್ನೆಯನ್ನೂ ಬಾಗಿಲಿಗೆ ಒತ್ತಿ ನಿಂತೆ. ಕಣ್ಣಿಂದ ನೀರು ಬಂದದ್ದು ಮುಚ್ಚಿಡುವುದಿಲ್ಲ.

ನರ್ಸಮ್ಮ ನಿದ್ದೆಗಣ್ಣಲ್ಲಿ ಸಿಟ್ಟಿನಿಂದ ಇಳಿದು ಬಂದವಳು ನನ್ನನ್ನು ಆ ಸ್ಥಿತಿಯಲ್ಲಿ ಕಂಡಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ನನಗೆ ಕಿವಿ ಕೇಳಿಸಲ್ಲಮ್ಮ, ಅದು ಕೂಗೋದು ನನಗೆ ಗೊತ್ತೇ ಇರಲಿಲ್ಲ," ಅಂದೆ. ನಿನ್ನನ್ನು ಬಿಟ್ಟರೆ ಅವಳಿಗೇ ಮೊದಲು ಹೇಳಿದ್ದು. ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಹಣೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಂದು ಕಾಗದದ ಚೂರಿನ ಮೇಲೆ ಬರೆದು ತೋರಿಸಿದಳು: ಒಂದು ತಿಂಗಳಿಂದ ನಿಮ್ಮನ್ನು ದಿನಾ ಬೈತಿದೀನಿ, ನೀವು ಥ್ಯಾಂಕ್ಸ್ ಹೇಳ್ತಿದ್ರಿ.

ಡಿಪೋದಲ್ಲಿ ಮಾತ್ರ ಹೇಳಲಾರೆ. ಹೋದ ತಿಂಗಳು ಒಂದು ಬಸ್ಸಿನ ಬ್ರೇಕಿನ ಗಾಳಿ ಸೋರುತ್ತಿತ್ತು. ಬುಸ್ಸೆನ್ನುವ ಸದ್ದಂತೆ, ಪಕ್ಕದಲ್ಲಿ ನಿಂತರೂ ನನಗೆ ತಿಳಿಯಲಿಲ್ಲ, ಸಹಿ ಹಾಕಿ ಕಳಿಸಿದೆ. ಗೇಟು ದಾಟುವ ಮೊದಲು ಚಾಲಕನಿಗೆ ಕೇಳಿಸಿ ನಿಲ್ಲಿಸಿದ. ನೆನೆದರೆ ಈಗಲೂ ಜೀವ ಬಾಯಿಗೆ ಬರುತ್ತದೆ. ಆದರೂ ನಾಲಿಗೆ ಏಳುತ್ತಿಲ್ಲ. ಡಾಕ್ಟ್ರು ಅನ್ನುವ ಹೆಸರು ಹೋದರೆ ನಾನು ಯಾರು ಅಲ್ಲಿ?

ಇನ್ನೊಂದು. ನೀನು ಅವಳ ಕೊನೆಗೆ ಬರಲಿಲ್ಲ ಅನ್ನುವುದನ್ನು ನಾನು ಮರೆತಿಲ್ಲ. ಬೇಜಾರಿತ್ತು, ಇದೆ. ಫೋನ್ ಎತ್ತದೇ ಇದ್ದದ್ದು ಅದಕ್ಕಲ್ಲ. ನೀನು ಅಳುತ್ತಾ ಏನಾದರೂ ಹೇಳಿ, ನಾನು ಅದಕ್ಕೂ ಹೂಂ ಹೂಂ ಅಂತ ನಕ್ಕುಬಿಟ್ಟರೆ ಅನ್ನುವ ಭಯಕ್ಕೆ.

ತಮ್ಮ


ಏಪ್ರಿಲ್ ೨೮

ತಮ್ಮಾ,

ಬೇಜಾರು ಇದೆ ಅಂತ ಬರೆದೆಯಲ್ಲ, ಅಷ್ಟು ಸಾಕು. ಬಂದು ಮಾತಾಡಿ ತೀರಿಸುತ್ತೇನೆ. ಯಜಮಾನಿಗೆ ಹೇಳಿದ್ದೇನೆ, ಮೇ ಮೂವತ್ತರ ಗಾಡಿಗೆ ಬರುತ್ತೇನೆ, ಎಂಟು ದಿನ ಸೌಟು ಅವಳೇ ಹಿಡಿಯುತ್ತಾಳೆ.

ಬಾಗಿಲ ಸಂಗತಿ ಓದಿ ನಾನು ಸುಮ್ಮನಿರಲಾಗದೆ ಕೊಟ್ಟಿಗೆಗೆ ಹೋಗಿ ಗ್ರೀಸುವಿನ ತಾಯಿಯ ಎದೆಗೆ ಅಂಗೈಯಿಟ್ಟು ಕೂತೆ. ಅವಳು ಶುರು ಮಾಡಿದಳು. ಹನ್ನೊಂದು ವರ್ಷ ಕಿವಿಯಿಂದ ಕೇಳಿದವಳು ನಾನು, ಆ ಗುಡುಗು ಒಳಗೆ ಎಲ್ಲಿಂದ ಏಳುತ್ತೆ ಅಂತ ನಿನ್ನಿಂದ ಗೊತ್ತಾಯಿತು.

ಆ ಬಸ್ಸಿನ ವಿಷಯ ನಾನು ಬಿಡುವುದಿಲ್ಲ. ಆ ದಿನ ಚಾಲಕನಿಗೆ ಕೇಳಿಸಿತು, ಇನ್ನೊಂದು ದಿನ ಕೇಳಿಸದಿದ್ದರೆ? ಬಸ್ಸಿನಲ್ಲಿ ಕೂತವರಿಗೂ ಅಕ್ಕ ತಮ್ಮ ಇರುತ್ತಾರೆ. ನಿನ್ನ ಹೆಸರು ದೊಡ್ಡದೋ ಅವರ ಜೀವವೋ ನೀನೇ ಯೋಚಿಸು. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಅಕ್ಕ


ಮೇ ೧೪

ಅಕ್ಕಾ,

ಗ್ರೀಸು ಉಳಿದಳು. ಮೊದಲು ಅದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಸಾಲು ಬಿಟ್ಟು ಸಾಲು ಓದುತ್ತೀಯ.

ದಿನಾ ಮೂರೂವರೆಯಿಂದ ಬಾಗಿಲ ಪಾಠ. ನಾನು ಹೊರಗೆ ಹಲಗೆಗೆ ಅಂಗೈಯಿಟ್ಟು ನಿಲ್ಲುತ್ತಿದ್ದೆ. ನಡುಗಿದರೆ ಕಾಯುವುದು, ನಿಂತ ಮೇಲೆ ಮೂವತ್ತು ಎಣಿಸಿ ಒಳಗೆ ಹೋಗುವುದು, ತಿಂಡಿ ಕೊಡುವುದು, ಮತ್ತೆ ಹೊರಗೆ. ಒಂದು ನಿಮಿಷ ದಾಟಲು ಐದು ದಿನ ಬೇಕಾಯಿತು. ಆಮೇಲೆ ಒಂದೇ ಸಲಕ್ಕೆ ಹತ್ತಕ್ಕೆ ಜಿಗಿದಳು. ನಾನು ಡಿಪೋದಲ್ಲಿರುವಾಗ ನರ್ಸಮ್ಮ ಊಳಿನ ಲೆಕ್ಕ ಬರೆದಿಟ್ಟು ಸಂಜೆ ತೋರಿಸುತ್ತಿದ್ದಳು, ಅವಳ ರೋಗಿಗಳ ಜ್ವರದ ಪಟ್ಟಿಯ ಹಾಗೆ. ಮೊದಲ ದಿನ ಹತ್ತೊಂಬತ್ತು, ಸಭೆಯ ಹಿಂದಿನ ದಿನ ಎರಡು. ಹೊರಡುವ ಮುನ್ನ ಕಾಳನ್ನು ಹಳೇ ಟೈರಿನ ತುಂಡಿನೊಳಗೆ ತುರುಕಿ ಕೊಡುತ್ತೇನೆ, ಅದನ್ನು ಹೊರಗೆ ತೆಗೆಯುವ ಹೋರಾಟದಲ್ಲಿ ಅರ್ಧ ಬೆಳಿಗ್ಗೆ ಕಳೆಯುತ್ತಾಳೆ. ಸಭೆಯಲ್ಲಿ ನರ್ಸಮ್ಮನೇ ಎದ್ದು ನಿಂತು ಆ ಪಟ್ಟಿ ಓದಿದಳು. ದೂರು ಕೊಟ್ಟವಳೇ ಪಟ್ಟಿ ಹಿಡಿದ ಮೇಲೆ ಉಳಿದವರು ಏನು ಹೇಳುತ್ತಾರೆ? ಇನ್ನೊಂದು ತಿಂಗಳು ನೋಡೋಣ ಅಂತ ಕಾರ್ಯದರ್ಶಿ ನನ್ನ ಕೈಗೆ ಬರೆದುಕೊಟ್ಟರು.

ಈಗ ಮುಖ್ಯ ವಿಷಯ. ಸಭೆಯ ಮರುದಿನ ರಜೆ, ನನಗೆ ಜ್ವರ. ನರ್ಸಮ್ಮ ಬಂದು ಇಡೀ ದಿನ ಇದ್ದು ಗ್ರೀಸುವಿಗೂ ನನಗೂ ಊಟ ಹಾಕಿದಳು. ಹೊರಡುವಾಗ ಏನೋ ಹೇಳಲು ಹೋಗಿ, ಬಿಟ್ಟು, ಕೂತು ಒಂದು ಪುಟ ಬರೆದಳು. ಅದನ್ನು ಹಾಗೇ ನಕಲು ಮಾಡುತ್ತೇನೆ.

"ನಿಮ್ಮ ನಾಯಿಯನ್ನು ಬೆಳಗಿಂದ ನೋಡುತ್ತಿದ್ದೇನೆ. ಊಟ ಬೇಕಾದರೆ ನನ್ನ ಬೆನ್ನ ಹಿಂದೆ ಕೂತು ಕೂಗುತ್ತಾಳೆ. ಹೊರಗೆ ಹೋಗಬೇಕಾದರೆ ಬಾಗಿಲ ಹತ್ತಿರ ನಿಂತು ನನಗೆ ಕೂಗುತ್ತಾಳೆ. ನಿಮ್ಮ ಹತ್ತಿರ ಒಂದು ಸಲವೂ ಕೂಗಲಿಲ್ಲ. ನೀವು ಗೋಡೆ ಕಡೆ ತಿರುಗಿ ಮಲಗಿದ್ದಾಗ ಮಂಚ ಸುತ್ತಿ, ಗೋಡೆಯ ಸಂದಿಯಲ್ಲಿ ನುಸುಳಿ, ನಿಮ್ಮ ಮುಖದ ಮುಂದೆ ಬಂದು ನಿಂತಳು. ನೀವು ಕಣ್ಣು ತೆರೆಯುವ ತನಕ ಕಾದಳು. ಆಮೇಲೆ ಕಾಲಿನಿಂದ ನಿಮ್ಮ ಕೈ ಮುಟ್ಟಿದಳು. ನೀವು ಕಲಿಸಿದಿರಾ ಇದನ್ನು?"

ನಾನು ಕಲಿಸಿಲ್ಲ ಅಕ್ಕಾ. ದೇವರಾಣೆ ಕಲಿಸಿಲ್ಲ. ಜ್ವರ ಬಿಟ್ಟ ಮೇಲೆ ಎರಡು ದಿನ ಪರೀಕ್ಷೆ ಮಾಡಿದೆ. ಬಟ್ಟಲು ಖಾಲಿ ಇಟ್ಟು ಬೆನ್ನು ತಿರುಗಿಸಿ ಕೂತೆ, ಸುತ್ತಿ ಎದುರಿಗೆ ಬಂದಳು. ಪೇಪರಿನಿಂದ ಮುಖ ಮುಚ್ಚಿಕೊಂಡೆ, ಪೇಪರನ್ನು ಮೂಗಿನಿಂದ ಕೆಳಗೆ ಒತ್ತಿ ನನ್ನ ಕಣ್ಣು ಸಿಕ್ಕ ಮೇಲೆ ಕಾಲೆತ್ತಿದಳು. ಆಗೆಲ್ಲ ಅವಳ ಎದೆಗೆ ಕೈಯಿಟ್ಟು ನೋಡಿದೆ, ಶಾಂತವಾಗಿತ್ತು. ಈ ಮನುಷ್ಯನ ಮೇಲೆ ದನಿ ಖರ್ಚು ಮಾಡಿ ಉಪಯೋಗವಿಲ್ಲ ಅಂತ ಅವಳಿಗೆ ತಿಳಿದುಹೋಗಿದೆ. ತಿಳಿದವಳು ನನ್ನನ್ನು ಬಿಟ್ಟು ಹೋಗಲಿಲ್ಲ, ಮೊದಲಿಗಿಂತ ಕಡಿಮೆ ಮಾಡಿ ನೋಡಲಿಲ್ಲ. ದಾರಿ ಬದಲಿಸಿದಳು, ಅಷ್ಟೇ. ಎರಡು ವರ್ಷ ಇಡೀ ಡಿಪೋದ ಕಣ್ಣಿಗೆ ಮಣ್ಣೆರಚಿದೆ ಅಂತ ನಾನು ಮೆರೆದಿದ್ದೆ. ಬುಟ್ಟಿಯಲ್ಲಿ ಬಂದ ಕೂಸಿನ ಮುಂದೆ ನನ್ನ ಒಂದು ಆಟವೂ ನಡೆದಿಲ್ಲ. ಅವಳ ಮುಂದೆ ಕೂತು, ಆ ನೀಲಿ ಕಣ್ಣು ನೋಡುತ್ತಾ, ಅವಳು ಎತ್ತಿದ ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡೆ.

ಈ ದಿನ ಬೆಳಿಗ್ಗೆ ಡಿಪೋದಲ್ಲಿ ಮೇಲ್ವಿಚಾರಕರ ಕೋಣೆಗೆ ಹೋದೆ. ಅವರು ಮುಖ ತಗ್ಗಿಸಿ ರಿಜಿಸ್ಟರು ನೋಡುತ್ತಾ ಏನೋ ಕೇಳುತ್ತಿದ್ದರು. ನಗು ಬಾಯಿಗೆ ಬಂದಿತ್ತು, ತಡೆದುಕೊಂಡೆ. "ಸರ್, ನನಗೆ ಕಿವಿ ಕೇಳಿಸಲ್ಲ. ಎರಡು ವರ್ಷ ಆಯ್ತು. ಏನು ಹೇಳೋದಿದ್ರೂ ನನ್ನ ಎದುರಿಗೆ ಬಂದು, ಮುಖ ನೋಡಿ ಹೇಳಿ," ಅಂದೆ.

ಅವರು ರಿಜಿಸ್ಟರು ಮುಚ್ಚಿದರು. ಮೇಜು ಸುತ್ತಿ ಎದುರಿಗೆ ಬಂದು ನಿಂತರು. ಬ್ರೇಕಿನ ಬಸ್ಸಿನ ವಿಷಯವನ್ನೂ ಹೇಳಿದೆ. ಅವರ ಮುಖ ಬಿಗಿಯಿತು, ಬಿಗಿಯಬೇಕಾದದ್ದೇ. ಇನ್ನು ಮೇಲೆ ಹೊರಡುವ ಬಸ್ಸಿಗೆ ನನ್ನ ಸಹಿ ಇಲ್ಲ. ಬಿಚ್ಚಿದ ಇಂಜಿನ್ ಜೋಡಿಸುವ ವಿಭಾಗಕ್ಕೆ ಹಾಕಿದ್ದಾರೆ, ಸೋಮವಾರ ಕಿವಿ ಪರೀಕ್ಷೆ. ಡಾಕ್ಟ್ರು ಅಂತ ಮುಂದೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬಸ್ ಹತ್ತಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಎದೆ ಹಗುರವಾಗಿತ್ತು.

ನೀನು ಮೂವತ್ತನೇ ತಾರೀಕಿನ ಗಾಡಿಗೆ ಬರುತ್ತೀಯಲ್ಲ, ಆ ದಿನ ಡಿಪೋದಿಂದ ಬಿಡುಗಡೆ ಸಿಗುವುದಿಲ್ಲ, ಮೂರರ ಮೇಲೆ ಮನೆಯಲ್ಲಿರುತ್ತೇನೆ. ಬೆಲ್ ಒತ್ತಿಕೊಂಡು ಹೊರಗೆ ನಿಲ್ಲಬೇಡ, ನನಗೆ ಗೊತ್ತಾಗುವುದಿಲ್ಲ. ಬಾಗಿಲು ತೆರೆದಿಡೋಣ ಅಂದರೆ ಇವಳು ಊರು ಬಿಟ್ಟು ಓಡುತ್ತಾಳೆ. ಅದಕ್ಕೇ ಮನೆಯ ಇನ್ನೊಂದು ಬೀಗದ ಕೈಯನ್ನು ಈ ಲಕೋಟೆಯಲ್ಲಿ ಹಾಕಿದ್ದೇನೆ. ಅದು ನನ್ನವಳದು, ನಾಲ್ಕು ವರ್ಷದಿಂದ ಮೊಳೆಗೆ ನೇತುಬಿದ್ದಿತ್ತು. ನೀನೇ ತೆಗೆದುಕೊಂಡು ಒಳಗೆ ಬಾ. ಬಂದು ನನ್ನ ಎದುರಿಗೆ ನಿಲ್ಲು.

ತಮ್ಮ